ಬಾತ್‌ರೂಮ್ ಕಟ್ಟೋಕೆ ಇಷ್ಟೊಂದು ಓಡಾಟನಾ?

ಸಂಪಾದಕರೇ, ಕೋಲಾರದ ಹಳೇ ಗಲ್ಲೀಲಿ ನಮ್ಮದು ತಾತನ ಕಾಲದ ಹೆಂಚಿನ ಮನೆ, ಅಮ್ಮಂಗೆ ಮಂಡಿ ನೋವು, ರಾತ್ರಿ ಹಿತ್ತಲಿಗೆ ಹೋಗಕ್ಕಾಗಲ್ಲ ಅಂತ ರೂಮಿಗೆ ಸೇರಿಸಿ ಒಂದು ಬಾತ್‌ರೂಮ್ ಕಟ್ಟೋಣ ಅಂದ್ಕೊಂಡ್ವಿ. 1964ರ ಪುರಸಭೆ ಕಾಯ್ದೆ ಪ್ರಕಾರ ಇದಕ್ಕೂ ಪರ್ಮಿಷನ್ ಬೇಕು ಅಂತ ಗೊತ್ತಾಗಿದ್ದು ಮೇಸ್ತ್ರಿ ಪಾಯಕ್ಕೆ ದಾರ ಹಿಡಿದ ಮೇಲೆ! ಸರಿ, ಪ್ಲಾನ್ ಬರೆಸಿದ್ವಿ, ಕಂದಾಯದ ರಸೀದಿ ಇಟ್ವಿ, ಆದ್ರೆ ಖಾತೆ ಇನ್ನೂ ತೀರ್ಕೊಂಡಿರೋ ತಾತನ ಹೆಸರಲ್ಲೇ, ಮೊದಲು ಅದು ಬದಲಾಗ್ಬೇಕಂತೆ, ಆಮೇಲೆ ಇ-ಖಾತಾ (ಕಂಪ್ಯೂಟರಲ್ಲಿ ಮಾಡಿಸೋ ಖಾತೆ), ಆಮೇಲೆ ಸೆಟ್‌ಬ್ಯಾಕು, ಅಂದ್ರೆ ಕಟ್ಟಡದ ಸುತ್ತ ಬಿಡ್ಬೇಕಾದ ಖಾಲಿ ಜಾಗ. ಹದಿನೈದಡಿ ಅಗಲದ ಸೈಟಲ್ಲಿ ಪಕ್ಕದಲ್ಲೂ ಜಾಗ ಬಿಟ್ರೆ ಮಂಚ ಎಲ್ಲಿ ಹಾಕೋದು ಸ್ವಾಮಿ? ಬೇಕಾದ ಕಾಗದಗಳ ಪಟ್ಟಿನ ನಗರಸಭೆಯವರು ಒಂದೇ ಸಲ ಬರೆದಾದ್ರೂ ಕೊಡ್ಲಿ, ತರಿಸಿದ ಮರಳು ಬಾಗಿಲಲ್ಲೇ ಮಳೇಲಿ ಕೊಚ್ಕೊಂಡು ಹೋಗ್ತಿದೆ.

– ಒಬ್ಬ ಓದುಗ, ಕೋಲಾರ