ಫೈಲಿನ ಹೆಸರಲ್ಲಿರುವ ತಾರೀಕು

ದೋಸ್ತಾ,

ಜನರಿಗೆ ಫೋನ್ ಬಳಸುವುದು ಕಲಿಸಿಬಿಟ್ಟರೆ ವಾಟ್ಸಾಪ್ ಗ್ರೂಪಿನಲ್ಲಿ ಸುಳ್ಳು ಸುದ್ದಿ ತಾನೇ ನಿಲ್ಲುತ್ತದೆ ಅಂತ ನೀನು ಅಂದಿದ್ದೆ. ನನಗೆ ಹಾಗನ್ನಿಸುವುದಿಲ್ಲ. ರೀಲ್ಸ್ ಮಾಡುವ ಚುರುಕು ಹುಡುಗರೂ ಕಣ್ಣು ಮುಚ್ಚಿ ಫಾರ್ವರ್ಡ್ ಮಾಡುತ್ತಾರೆ. ಬೆರಳಿಗೆ ಬಂದ ಕೆಲಸ ಬೇರೆ, ಯಾವುದನ್ನು ನಿಜ ಅನ್ನಬೇಕು ಅನ್ನುವ ತಿಳಿವಳಿಕೆ ಬೇರೆ.

ನಮ್ಮ ತುಂಗಭದ್ರಾ ಡ್ಯಾಮನ್ನೇ ತಗೋ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋಯಿತು. ವಾರದ ಹೊತ್ತಿಗೆ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ಇಳಿಸುವ ತಾತ್ಕಾಲಿಕ ತಡೆ) ಇಳಿಸಿ ನೀರು ತಡೆದರು. ಆಗ ತೆಗೆದ ವಿಡಿಯೊ ಈ ಮಳೆಗಾಲದಲ್ಲಿ ನಿನಗೆ ಬಂತು ಅಂತಿಟ್ಟುಕೋ. ಆಂಡ್ರಾಯ್ಡ್ ಫೋನಿನಲ್ಲಿ ಫೈಲಿನ ಹೆಸರು ನೋಡಿದರೆ 'ವಿಐಡಿ' (VID) ಆದಮೇಲೆ ಎಂಟು ಅಂಕಿ, ಆಮೇಲೆ 'ಡಬ್ಲ್ಯೂಎ' (WA) ಇರುತ್ತದೆ. ಆ ಎಂಟು ಅಂಕಿ ವರ್ಷ, ತಿಂಗಳು, ದಿನ. ಅದನ್ನು ನೋಡಿ 'ಇವತ್ತಿನದೇ ಇದು' ಅಂದರೆ ಮೋಸ ಹೋದಂತೆ. ಅದು ನಿನ್ನ ಫೋನಿಗೆ ಬಂದ ತಾರೀಕು, ಶೂಟ್ ಮಾಡಿದ್ದಲ್ಲ.

ಫಾರ್ವರ್ಡ್ ಆದ ಸಂದೇಶದ ಮೇಲೆ ಕಾಣುವ ಎರಡು ಬಾಣದ ಗುರುತನ್ನೂ ಹೀಗೇ ತಪ್ಪು ಓದುತ್ತಾರೆ. ಐದು ಅಥವಾ ಹೆಚ್ಚು ಕೈ ದಾಟಿದ ಸಂದೇಶಕ್ಕೆ ಅದು ಬೀಳುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಲು ಸಾಧ್ಯ. ಎಚ್ಚರಿಕೆಗೆಂದು ಇಟ್ಟ ಗುರುತು 'ಇಷ್ಟು ಜನ ಕಳಿಸಿದ್ದಾರೆ, ಸುಳ್ಳಿದ್ದೀತಾ?' ಅನ್ನುವವರಿಗೆ ಸಾಕ್ಷಿಯಾಗಿಬಿಡುತ್ತದೆ. ಬಾಣ ಇಲ್ಲದ್ದೆಲ್ಲ ಖರೇನೂ ಅಲ್ಲ, ಕಾಪಿ ಮಾಡಿ ಪೇಸ್ಟ್ ಮಾಡಿದರೆ ಬಾಣ ಹೋಗುತ್ತದೆ.

ಬೋರ್ಡೋ ಸೇತುವೆಯೋ ಕಾಣುವ ಕಡೆ ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆ, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಕೊಡು. ಅದೇ ದೃಶ್ಯ ಹಳೆಯ ತಾರೀಕಿನ ಸುದ್ದಿಯಲ್ಲಿ ಸಿಕ್ಕರೆ ಅಲ್ಲಿಗೆ ಮುಗಿಯಿತು. ಏನೂ ಸಿಗಲಿಲ್ಲ ಅಂದರೆ ಹೊಸದು ಅಂತಲ್ಲ. ಬೇರೆ ಎರಡು ಕಡೆ ನಿಲ್ಲಿಸಿ ಮತ್ತೆ ಹುಡುಕು. ತುಂಗಭದ್ರಾ ಮಂಡಳಿ ಕೊಡುವ ಆ ದಿನದ ಹೊರಹರಿವಿನ ಅಂಕಿಯನ್ನೂ ನೋಡು. ಡ್ಯಾಮಿನ ಕೆಳಗೆ ಹೊಳೆ ದಂಡೆಯಲ್ಲಿರುವ ಕಂಪ್ಲಿ ಕಡೆಯವರಿಗೊಂದು ಫೋನ್ ಹಚ್ಚಿ ಹೊಳೆ ಹೇಗಿದೆ ಅಂತ ಕೇಳಿದರೂ ಆದೀತು.

ಬೆಳೆಯ ವಿಷಯದಲ್ಲಿ ನನಗೆ ಇನ್ನೂ ಹೆದರಿಕೆ. ಭತ್ತಕ್ಕೆ ಕಂದು ಜಿಗಿಹುಳು ಬಿದ್ದಾಗ 'ಇದೊಂದು ಔಷಧ ಹೊಡೀರಿ, ಸಾಕು' ಅನ್ನುವ ವಿಡಿಯೊ ಎಲ್ಲರಿಗೂ ಹಿಡಿಸುತ್ತದೆ, ಅದರಲ್ಲಿ 'ಆದರೆ' ಅನ್ನುವ ಮಾತೇ ಇರುವುದಿಲ್ಲವಲ್ಲ. ತಿಳಿದವರ ಸಲಹೆಯಲ್ಲಿ ಅದೇ ಹೆಚ್ಚು. ಪೈರೆಥ್ರಾಯ್ಡ್ ಗುಂಪಿನ ಔಷಧ ಹೊಡೆದರೆ ಜಿಗಿಹುಳು ತಿನ್ನುವ ಜೇಡಗಳು ಸತ್ತು, ಹುಳು ಮೊದಲಿಗಿಂತ ಜೋರಾಗಿ ಏಳುತ್ತದೆ. ಹುಳು ಕೂರುವುದು ಬುಡದಲ್ಲಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ. ಸರಿಯಾದ ಔಷಧವಾದರೂ ಬರೀ ಗರಿಯ ಮೇಲೆ ಬಿದ್ದರೆ ದುಡ್ಡು ದಂಡ. ವಿಡಿಯೊ ನೋಡಿ ಅಂಗಡಿಗೆ ಹೋಗುವ ಮುಂಚೆ ರೈತರು ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕೇಳಲಿ, ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಪುಕ್ಕಟೆ. ಗಂಗಾವತಿಯಲ್ಲೇ ಕೃಷಿ ವಿಜ್ಞಾನ ಕೇಂದ್ರವೂ ಇದೆ.

ಗ್ರೂಪಿನಲ್ಲಿ ಯಾರಾದರೂ ಸುಳ್ಳು ಹಾಕಿದರೆ ಬೈಯಬೇಡ. 'ಅಣ್ಣಾ, ಇದು ಎಲ್ಲಿಯದು, ಯಾವಾಗಿನದು?' ಅಂತ ಕೇಳು. ಅಡ್ಮಿನ್ ಆದ ನಿನಗೆ ಅದನ್ನು ಎಲ್ಲರ ಫೋನಿನಿಂದಲೂ ಡಿಲೀಟ್ ಮಾಡಲು ಬರುತ್ತದೆ. ಆದರೆ ಯಾಕೆ ತೆಗೆದೆ, ಹೇಗೆ ಪತ್ತೆ ಹಚ್ಚಿದೆ ಅಂತ ಎರಡು ಸಾಲು ಬರೆದೇ ತೆಗೆ. ಇಲ್ಲದಿದ್ದರೆ 'ಏನೋ ಮುಚ್ಚಿಟ್ಟರು' ಅಂತ ಅದೇ ವಿಡಿಯೊ ಇನ್ನೊಂದು ಗ್ರೂಪಿನಲ್ಲಿ ಓಡಾಡುತ್ತದೆ.

ನಿನ್ನ ಗೆಳೆಯ