ಕಣ್ಣಾರೆ ನೋಡಿದವರು ಯಾರು ಅಂದಿರಲ್ಲ, ಅಪ್ಪ

ಲಂಡನ್

ಪ್ರೀತಿಯ ಅಪ್ಪ, ಅಮ್ಮ ಮತ್ತು ಪುಟ್ಟನಿಗೆ,

ನಾನು ಚೆನ್ನಾಗಿದ್ದೇನೆ. ಊಟ, ನಿದ್ದೆ, ಚಳಿ ಇದೆಲ್ಲ ಫೋನಿನಲ್ಲೇ ಹೇಳಿ ಆಗಿದೆ. ಈ ಪತ್ರ ಒಂದೇ ಒಂದು ವಿಷಯಕ್ಕೆ. ಮೊನ್ನೆ ಡಾರ್ವಿನ್ ಮಾತು ಬಂದಾಗ ಅಪ್ಪ, ನೀವು ಕೇಳಿದಿರಿ: "ಈ ವಿಕಾಸ ಅನ್ನೋದನ್ನು ಕಣ್ಣಾರೆ ನೋಡಿದವರು ಯಾರಾದರೂ ಇದ್ದಾರಾ?" ಒಳ್ಳೆಯ ಪ್ರಶ್ನೆ. ಫೋನಿನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಬರೆಯಲು ಕೂತೆ.

ಮೊದಲು ಪುಟ್ಟನ ಪ್ರಶ್ನೆ ಮುಗಿಸಿಬಿಡುತ್ತೇನೆ. ಮಂಗನಿಂದ ಮನುಷ್ಯ ಬಂದಿದ್ದರೆ ಮಂಗಗಳು ಇನ್ನೂ ಯಾಕಿವೆ ಅಂತ ತಾನೇ? ಮಂಗ ನಮ್ಮ ಅಜ್ಜ ಅಲ್ಲ ಕಣೋ, ದಾಯಾದಿ. ಇಬ್ಬರಿಗೂ ಮೂಲಪುರುಷ ಒಬ್ಬನೇ, ಅವನು ಈಗ ಇಲ್ಲ. ಮನೆ ಪಾಲಾಗಿ ನಾವು ಒಂದು ಕಡೆ ಬಂದೆವು ಅಂದ ಮಾತ್ರಕ್ಕೆ ದಾಯಾದಿಗಳು ಇರಬಾರದು ಅಂತೇನಿಲ್ಲವಲ್ಲ!

ಈಗ ಅಪ್ಪನ ಪ್ರಶ್ನೆ. ಡಾರ್ವಿನ್ ಹೇಳಿದ್ದು ಬಹಳ ಸರಳ. ಒಂದೇ ಜಾತಿಯ ಜೀವಿಗಳಲ್ಲೂ ಒಂದರಂತೆ ಇನ್ನೊಂದು ಇರುವುದಿಲ್ಲ. ಈ ವ್ಯತ್ಯಾಸಗಳಲ್ಲಿ ಕೆಲವು ಮಕ್ಕಳಿಗೂ ಬರುತ್ತವೆ. ಹುಟ್ಟಿದ್ದೆಲ್ಲ ಬದುಕುವುದಿಲ್ಲ. ಬದುಕಲು ಅನುಕೂಲವಾಗುವ ವ್ಯತ್ಯಾಸ ಇರುವವು ಜಾಸ್ತಿ ಮರಿ ಮಾಡುತ್ತವೆ, ಹಾಗಾಗಿ ತಲೆಮಾರು ಕಳೆದಂತೆ ಆ ವ್ಯತ್ಯಾಸವೇ ಹೆಚ್ಚುತ್ತದೆ. ಆಯ್ಕೆ ಅಂತ ಕರೆಯುತ್ತಾರೆ, ಆದರೆ ಆರಿಸುವವರು ಯಾರೂ ಇಲ್ಲ. ಯಾವ ಪ್ರಾಣಿಯೂ ಪ್ರಯತ್ನಪಟ್ಟು ಬದಲಾಗುವುದೂ ಇಲ್ಲ. ಡಾರ್ವಿನ್ ಇದನ್ನು ಇಪ್ಪತ್ತು ವರ್ಷ ತಮ್ಮಲ್ಲೇ ಇಟ್ಟುಕೊಂಡು ಕೂತಿದ್ದರು. 1858ರಲ್ಲಿ ವ್ಯಾಲೇಸ್ ಎಂಬ ಇನ್ನೊಬ್ಬರು ದೂರದ ದ್ವೀಪದಿಂದ ಇದೇ ವಿಚಾರ ಬರೆದು ಕಳಿಸಿದಾಗ ಗಾಬರಿಬಿದ್ದು, ಮರುವರ್ಷವೇ ಪುಸ್ತಕ ಹೊರತಂದರು. ಆ ಪುಸ್ತಕದಲ್ಲೇ ಅವರು, ಈ ಬದಲಾವಣೆ ಎಷ್ಟು ನಿಧಾನ ಅಂದರೆ ನಡೆಯುತ್ತಿರುವಾಗ ನಮಗೆ ಕಾಣುವುದೇ ಇಲ್ಲ ಅಂದಿದ್ದಾರೆ. ಇಷ್ಟರ ಮಟ್ಟಿಗೆ ನೀವೂ ಡಾರ್ವಿನ್ನರೂ ಒಂದೇ ಕಡೆ! ಆದರೆ ಆಮೇಲೆ ಬಂದವರು ನೋಡಿದರು. ಅಳತೆ ಸಾಧನ ಹಿಡಿದುಕೊಂಡೇ ನೋಡಿದರು.

ಗಾಲಪಗೋಸ್ ದ್ವೀಪಗಳಲ್ಲಿ ಡಾಫ್ನೆ ಮೇಜರ್ ಅಂತ ಒಂದು ಪುಟ್ಟ ದ್ವೀಪ ಇದೆ. ಕಲ್ಲು, ಕುರುಚಲು ಗಿಡ, ಅಷ್ಟೇ. ಪೀಟರ್ ಗ್ರಾಂಟ್ ಮತ್ತು ರೋಸ್‌ಮೆರಿ ಗ್ರಾಂಟ್ ಅಂತ ಗಂಡ ಹೆಂಡತಿ 1973ರಿಂದ ಶುರುಮಾಡಿ ಸುಮಾರು ನಲವತ್ತು ವರ್ಷ ಅಲ್ಲಿಗೆ ಹೋಗಿ ಬಂದರು. ಫಿಂಚ್ ಹಕ್ಕಿಗಳನ್ನು ಹಿಡಿಯುವುದು, ಕಾಲಿಗೆ ಬಣ್ಣದ ಬಳೆ ತೊಡಿಸುವುದು, ಕೊಕ್ಕು ಅಳೆದು ಬರೆದುಕೊಂಡು ಬಿಟ್ಟುಬಿಡುವುದು. ಯಾವ ಮರಿ ಯಾವ ಹಕ್ಕಿಯದು ಅನ್ನೋದೂ ಅವರ ಲೆಕ್ಕದಲ್ಲಿತ್ತು. 1977ರಲ್ಲಿ ಮಳೆ ಕೈಕೊಟ್ಟಿತು. ಹಕ್ಕಿಗಳು ಮೆತ್ತಗಿನ ಸಣ್ಣ ಬೀಜಗಳನ್ನೆಲ್ಲ ಮೊದಲೇ ತಿಂದು ಮುಗಿಸಿದವು. ಉಳಿದದ್ದು ದೊಡ್ಡ, ಗಟ್ಟಿ ಬೀಜ, ಮುಳ್ಳಿನ ಕಾಯಿ. ಕೊಕ್ಕು ದಪ್ಪ ಇದ್ದವು ಅದನ್ನು ಒಡೆದು ತಿಂದವು. ಸಣ್ಣ ಕೊಕ್ಕಿನವು ಒಡೆಯಲಾರದೆ ಸತ್ತವು. ಅಲ್ಲಿನ ಮುಖ್ಯ ಜಾತಿಯ ಹಕ್ಕಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹೋದವು. ಉಳಿದವುಗಳ ಮರಿಗಳ ಕೊಕ್ಕು ಅಳೆದಾಗ ಸರಾಸರಿ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚಿತ್ತು.

ಅರ್ಧ ಮಿಲಿಮೀಟರಿಗೆ ಇಷ್ಟು ಗಲಾಟೆಯಾ ಅಂತ ನೀವು ನಗುವುದು ಇಲ್ಲಿಂದಲೇ ಕೇಳಿಸುತ್ತಿದೆ. ಹಕ್ಕಿಯ ಸಾವು ಬದುಕಿಗೆ ಅಷ್ಟು ಸಾಕಾಯಿತು, ನೋಡಿ. ಮುಂದಿನದ್ದು ನನಗೆ ಇನ್ನೂ ಇಷ್ಟ. 1983ರಲ್ಲಿ ವಿಪರೀತ ಮಳೆ ಸುರಿಯಿತು, ದ್ವೀಪದ ತುಂಬ ಸಣ್ಣ ಬೀಜದ ಗಿಡಗಳೇ ಎದ್ದವು. ಅದಾದ ಮೇಲೆ ಸಣ್ಣ ಕೊಕ್ಕಿನವೇ ಹೆಚ್ಚು ಉಳಿದವು. ಅಂದರೆ ದಪ್ಪ ಕೊಕ್ಕು ಮೇಲು, ಸಣ್ಣ ಕೊಕ್ಕು ಕೀಳು ಅಂತ ಇಲ್ಲ. ಆ ವರ್ಷದ ಬೀಜ ಯಾವುದೋ ಅದರ ಮೇಲೆ ಹೋಗುತ್ತದೆ. ವಿಕಾಸ ಅಂದರೆ ಮೇಲಕ್ಕೆ ಮೇಲಕ್ಕೆ ಹೋಗುವ ಏಣಿ ಅಂದುಕೊಂಡವರು ಈ ಭಾಗವನ್ನು ಓದಬೇಕು.

ಇಲ್ಲಿ ಇಂಗ್ಲೆಂಡಿನದೇ ಒಂದು ಉದಾಹರಣೆ ನಮ್ಮ ಪಠ್ಯಪುಸ್ತಕದಲ್ಲೂ ಇತ್ತು. ಬಿಳಿ ರೆಕ್ಕೆ ಮೇಲೆ ಕರಿ ಚುಕ್ಕೆ ಇರುವ ಪತಂಗ. ಕಾರ್ಖಾನೆ ಹೊಗೆಗೆ ಮರದ ಮೇಲಿನ ಕಲ್ಲುಹೂವು ಸತ್ತು, ತೊಗಟೆ ಮಸಿ ಹಿಡಿದಾಗ ಬಿಳಿಯವು ಹಕ್ಕಿಗಳ ಕಣ್ಣಿಗೆ ಬಿದ್ದವು, ಕಪ್ಪು ಪತಂಗಗಳೇ ಹೆಚ್ಚಾದವು. ಮ್ಯಾಂಚೆಸ್ಟರಿನಲ್ಲಿ ಮೊದಲ ಕಪ್ಪು ಪತಂಗ ದಾಖಲಾದದ್ದು 1848ರಲ್ಲಿ. ಐವತ್ತು ವರ್ಷ ತುಂಬುವ ಮೊದಲೇ ಅಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಪ್ಪು. ಗಾಳಿ ಶುದ್ಧವಾದ ಮೇಲೆ ಮತ್ತೆ ಬಿಳಿ. ಆದರೆ ಪುಸ್ತಕದಲ್ಲಿ ಹೇಳದ ಒಂದು ವಿಷಯ ಇದೆ. ಹಕ್ಕಿಗಳು ಯಾವ ಬಣ್ಣದ ಪತಂಗವನ್ನು ಹೆಚ್ಚು ತಿನ್ನುತ್ತವೆ ಅಂತ ನೋಡಲು 1950ರ ದಶಕದಲ್ಲಿ ಕೆಟಲ್‌ವೆಲ್ ಎಂಬುವರು ಮಾಡಿದ ಪ್ರಯೋಗಕ್ಕೆ ಆಮೇಲೆ ಬಹಳ ಟೀಕೆ ಬಂತು. ಪತಂಗಗಳನ್ನು ಒಟ್ಟೊಟ್ಟಿಗೆ ಮರದ ಬೊಡ್ಡೆ ಮೇಲೆ ಬಿಟ್ಟರೆ ಹಕ್ಕಿ ತಿನ್ನದೆ ಇರುತ್ತದಾ ಅಂತ. ಟೀಕೆ ಸರಿಯಾದದ್ದೇ. ಆಗ ಕೇಂಬ್ರಿಜ್‌ನ ಮೈಕೆಲ್ ಮೆಜರಸ್ ಎಲ್ಲವನ್ನೂ ಮೊದಲಿಂದ ಮಾಡಿದರು. ತಮ್ಮ ತೋಟದಲ್ಲಿ 2001ರಿಂದ 2007ರವರೆಗೆ ಸುಮಾರು 5,000 ಪತಂಗಗಳು. ಈಗ ಮಸಿ ಇಲ್ಲದ ಮರದ ಮೇಲೆ ಹಕ್ಕಿಗಳು ಕಪ್ಪು ಪತಂಗವನ್ನೇ ಹೆಚ್ಚು ತಿಂದವು. ಪಾಪ, 2009ರಲ್ಲಿ ಅವರು ತೀರಿಹೋದರು. ಸ್ನೇಹಿತರು 2012ರಲ್ಲಿ ಅದನ್ನು ಪ್ರಕಟಿಸಿದರು.

ಇಷ್ಟು ಓದಿ ನೀವು ಏನು ಹೇಳುತ್ತೀರಿ ಅಂತಲೂ ಗೊತ್ತು. "ಪತಂಗ ಪತಂಗವಾಗೇ ಉಳಿಯಿತಲ್ಲ?" ನಿಜ. ಮೀನಿನ ವಂಶದಲ್ಲಿ ಕಾಲು ಮೂಡಿದ್ದನ್ನು ನೋಡಲು ಆಗ ಯಾರೂ ಇರಲಿಲ್ಲ. ಆದರೆ ಅಂಥ ಕಡೆ ಇನ್ನೊಂದು ರೀತಿ ಪರೀಕ್ಷೆ ಮಾಡಬಹುದು. ಈ ಸಿದ್ಧಾಂತ ನಿಜವಾದರೆ ಇಂಥ ಕಡೆ ಇಂಥದ್ದು ಸಿಗಬೇಕು ಅಂತ ಮೊದಲೇ ಹೇಳಿ, ಆಮೇಲೆ ಹೋಗಿ ಹುಡುಕುವುದು. ಪಳೆಯುಳಿಕೆ ವಿಜ್ಞಾನಿ ನೀಲ್ ಶೂಬಿನ್ ಮತ್ತು ಅವರ ಜೊತೆಯವರು ಹಾಗೇ ಮಾಡಿದರು. ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನದ್ದು ಬೇಕಾದರೆ ಸುಮಾರು 37.5 ಕೋಟಿ ವರ್ಷ ಹಳೆಯ, ನದಿ ಹರಿದ ಕಡೆಯ ಕಲ್ಲಿನಲ್ಲಿ ನೋಡಬೇಕು ಅಂತ ಲೆಕ್ಕ ಹಾಕಿ, ಉತ್ತರ ಕೆನಡಾದ ಹಿಮದ ಸೀಮೆಗೆ ಹೋದರು. ಕೆಲವು ವರ್ಷ ಬರಿಗೈ. 2004ರಲ್ಲಿ ಸಿಕ್ಕಿತು, ಟಿಕ್ಟಾಲಿಕ್. ಕಿವಿರು, ಹುರುಪೆ ಎಲ್ಲ ಮೀನಿನದು. ಆದರೆ ಕುತ್ತಿಗೆ ಇದೆ, ರೆಕ್ಕೆಯೊಳಗೆ ಮಣಿಕಟ್ಟಿನಂಥ ಮೂಳೆ ಇದೆ. ಆಮೇಲೆ ಪೋಲೆಂಡಿನಲ್ಲಿ ನಾಲ್ಕು ಕಾಲಿನ ಪ್ರಾಣಿಯದ್ದು ಅನ್ನಲಾದ ಇನ್ನೂ ಹಳೆಯ ಹೆಜ್ಜೆಗುರುತುಗಳು ಸಿಕ್ಕಿದವು, ಅಂದರೆ ಟಿಕ್ಟಾಲಿಕ್ ಕೂಡ ನಮಗೆ ನೇರ ಅಜ್ಜ ಅಲ್ಲ, ದಾಯಾದಿಯೇ ಇರಬೇಕು.

ನಮ್ಮ ದೇಶದ್ದೂ ಒಂದು ಕತೆ ಇದೆ ಅಪ್ಪ. ನೆಲದ ಪ್ರಾಣಿಯ ವಂಶದಿಂದ ಬಂದ ತಿಮಿಂಗಿಲದ್ದು. ರಂಗರಾವ್ ಎಂಬ ಭೂವಿಜ್ಞಾನಿ ಜಮ್ಮು ಕಾಶ್ಮೀರದ ಕಾಲಾಕೋಟ್ ಕಡೆಯಿಂದ ಪಳೆಯುಳಿಕೆ ಇರುವ ಕಲ್ಲುಗಳನ್ನು ತಂದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಆ ಕಲ್ಲುಗಳನ್ನು ಹಾನ್ಸ್ ಥೆವಿಸ್ಸೆನ್ ಎಂಬ ವಿಜ್ಞಾನಿಗೆ ಕೊಟ್ಟರು. ಲ್ಯಾಬಿನಲ್ಲಿ ಕಲ್ಲು ಬಿಡಿಸುವಾಗ ಅಕಸ್ಮಾತ್ತಾಗಿ ಒಂದು ತಲೆಬುರುಡೆ ಮುರಿಯಿತು. ಒಳಗೆ ಕಿವಿಯ ಮೂಳೆ ಕಂಡಿತು. ಆ ಮೂಳೆಯ ಒಂದು ಅಂಚು ದಪ್ಪ. ಅಂಥ ಕಿವಿ ತಿಮಿಂಗಿಲದ ಜಾತಿಯ ಗುರುತು. ಆದರೆ ಈ ಪ್ರಾಣಿ ಬೆಕ್ಕಿನಷ್ಟು ದೊಡ್ಡದು, ನೋಡಲು ಸಣ್ಣ ಜಿಂಕೆಯಂಥದು, ನಾಲ್ಕು ಗೊರಸಿನ ಕಾಲು! ಹೆಸರು ಇಂಡೋಹ್ಯೂಸ್, ಸುಮಾರು 4.8 ಕೋಟಿ ವರ್ಷ ಹಿಂದಿನದು. ನೀರಿನಲ್ಲಿ ಓಡಾಡುವ ಪ್ರಾಣಿಗಳಿಗೆ ಇರುವಂತೆ ಕಾಲಿನ ಮೂಳೆ ಗಟ್ಟಿ, ಭಾರ. 2007ರಲ್ಲಿ ಇದು ಪ್ರಕಟವಾಯಿತು. ಆ ಅಮ್ಮ ಕಲ್ಲುಗಳನ್ನು ಜೋಪಾನ ಮಾಡದೆ ಹಿತ್ತಲಿಗೆ ಎಸೆದಿದ್ದರೆ ಅಂತ ಆಗಾಗ ಯೋಚಿಸುತ್ತೇನೆ.

ಇನ್ನು ನಮ್ಮ ಮೈಯೊಳಗಿನ ಸಾಕ್ಷಿ. ಚಿಂಪಾಂಜಿ, ಗೊರಿಲ್ಲಾಗಳಿಗೆ 24 ಜೊತೆ ಕ್ರೋಮೋಸೋಮ್ (ಜೀವಕೋಶದೊಳಗೆ ಡಿಎನ್‌ಎ ಸುತ್ತಿಟ್ಟ ಎಳೆ), ನಮಗೆ 23. ಒಂದೇ ಮೂಲ ಆಗಿದ್ದರೆ ಆ ಒಂದು ಜೊತೆ ಎಲ್ಲಿ ಹೋಯಿತು? ಕಳೆದುಹೋಗಿದ್ದರೆ ಬದುಕುವುದೇ ಕಷ್ಟ. ಎರಡು ಸೇರಿ ಒಂದಾಗಿರಬೇಕು. ಕ್ರೋಮೋಸೋಮಿನ ತುದಿಯಲ್ಲಿ ಇರುವಂಥ ಡಿಎನ್‌ಎ ಸಾಲು ನಮ್ಮ ಎರಡನೇ ಕ್ರೋಮೋಸೋಮಿನ ನಡುಭಾಗದಲ್ಲಿ, ತುದಿಗೆ ತುದಿ ಬೆಸೆದ ಹಾಗೆ ಇರುವುದು 1991ರಲ್ಲಿ ಕಂಡಿತು. ನನಗೆ ಮೂಳೆಗಿಂತ ಇದೇ ಗಟ್ಟಿ ಸಾಕ್ಷಿ ಅನ್ನಿಸುತ್ತದೆ.

ಅಮ್ಮಾ, ಇಷ್ಟು ಹೊತ್ತು ಸುಮ್ನೆ ಕೇಳಿಸಿಕೊಂಡಿರುತ್ತೀಯ, ನಿನಗೂ ಒಂದು ಇದೆ. ನೆಗಡಿ ಬಂತು ಅಂತ ಡಬ್ಬಿಯಲ್ಲಿ ಉಳಿದ ಆಂಟಿಬಯೋಟಿಕ್ ಮಾತ್ರೆ ನುಂಗಬೇಡ. ನೆಗಡಿ ವೈರಸ್ಸಿನದು, ಅದಕ್ಕೆ ಆ ಮಾತ್ರೆ ನಾಟುವುದೇ ಇಲ್ಲ. ಮೈಯಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಮಾತ್ರೆಗೆ ಬಗ್ಗದವು ಮಾತ್ರ ಉಳಿದು ಹೆಚ್ಚುತ್ತವೆ. ಫಿಂಚ್ ಹಕ್ಕಿಗಳಿಗೆ ಆದದ್ದೇ ಇಲ್ಲೂ, ವರ್ಷಗಳ ಬದಲು ದಿನಗಳಲ್ಲಿ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಈ ಅಪಾಯ ಹೇಳಿದ್ದರು.

ಇಲ್ಲಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ದೊಡ್ಡ ಮೆಟ್ಟಿಲ ಮೇಲೆ ಡಾರ್ವಿನ್ನರ ಕಲ್ಲಿನ ಮೂರ್ತಿ ಇದೆ. ಆ ಮ್ಯೂಸಿಯಂ ಆಗಲೇಬೇಕು ಅಂತ ಓಡಾಡಿದ ರಿಚರ್ಡ್ ಓವನ್ ಮಾತ್ರ ಡಾರ್ವಿನ್ನರ ಕಡು ವಿರೋಧಿ! ನೀವು ಬಂದಾಗ ಕರೆದುಕೊಂಡು ಹೋಗುತ್ತೇನೆ. ಅಲ್ಲೇ ನಿಂತು ವಾದ ಮುಂದುವರಿಸೋಣ.

ಎಲ್ಲರಿಗೂ ನನ್ನ ನಮಸ್ಕಾರ.

ನಿಮ್ಮ ಪ್ರೀತಿಯ,
ಮಗಳು

ಮರೆತಿದ್ದೆ: ಅಪ್ಪನ ಮುಂದಿನ ಪ್ರಶ್ನೆ ಕಣ್ಣಿನದೇ ಇರುತ್ತದೆ. ಅರ್ಧ ಕಣ್ಣಿನಿಂದ ಏನು ಉಪಯೋಗ ಅಂತ. ನಾಟಿಲಸ್ ಅಂತ ಒಂದು ಸಮುದ್ರಜೀವಿ ಇದೆ, ಅದರ ಕಣ್ಣಿಗೆ ಲೆನ್ಸೇ ಇಲ್ಲ, ಬರೀ ಒಂದು ತೂತು. ಅದರಲ್ಲೇ ಬದುಕು ನಡೆಸುತ್ತಿದೆ. ನಮ್ಮ ಕಣ್ಣೂ ಕುಂದಿಲ್ಲದ್ದೇನಲ್ಲ. ನರಗಳು ಬೆಳಕು ಗ್ರಹಿಸುವ ಪದರದ ಮುಂದೆ ಹಾದು, ಒಂದು ಕಡೆ ಸೇರಿ ಹಿಂದಕ್ಕೆ ಹೋಗುತ್ತವೆ. ಅವು ತೂರುವ ಜಾಗದಲ್ಲಿ ನಮಗೆ ಏನೂ ಕಾಣುವುದಿಲ್ಲ. ಆಕ್ಟೋಪಸ್ ಕಣ್ಣಿನಲ್ಲಿ ನರ ಹಿಂದಿನಿಂದಲೇ ಹೋಗುತ್ತವೆ, ಅದಕ್ಕೆ ಆ ತೊಂದರೆ ಇಲ್ಲ. ಪುಟ್ಟಾ, ಕಾಗದದ ಮೇಲೆ ಏಳು ಸೆಂಟಿಮೀಟರ್ ಅಂತರದಲ್ಲಿ ಎರಡು ಚುಕ್ಕೆ ಇಡು. ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಲ್ಲಿ ಎಡಗಡೆಯ ಚುಕ್ಕೆಯನ್ನೇ ನೋಡುತ್ತಾ ಕಾಗದವನ್ನು ಹತ್ತಿರಕ್ಕೆ ತಾ. ಸುಮಾರು ಒಂದು ಗೇಣಿನ ದೂರ ಬಂದಾಗ ಬಲಗಡೆಯ ಚುಕ್ಕೆ ಮಾಯವಾಗುತ್ತದೆ. ಅಪ್ಪನ ಕೈಲೂ ಮಾಡಿಸು.