ಮಾಂಟ್‌ಪೀಲಿಯರ್ ಮ್ಯೂಸಿಯಂನ ಆ ಹಿರಿಯರಿಗೆ

ನಿಮ್ಮ ಹೆಸರು ಕೇಳುವುದನ್ನೇ ಮರೆತೆ, ಕ್ಷಮಿಸಿ.

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೊರಟವರು ಅಮೆರಿಕದ ಐಡಹೋ ರಾಜ್ಯದ ಮಾಂಟ್‌ಪೀಲಿಯರ್‌ನಲ್ಲಿ ಸುಮ್ನೆ ಕಾಲಾಡಿಸಲು ಇಳಿದಿದ್ದೆವು. ಹಿಂದೆ ಜನ ಎತ್ತಿನ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ವಲಸೆ ಹೋದ ದಾರಿ, ಆರೆಗನ್ ಟ್ರೇಲ್. ಅದರ ಮ್ಯೂಸಿಯಂ ಕಂಡಿತು, ಒಳಗೆ ಹೋದೆವು. ಅಮ್ಮನಿಗೆ ಮಂಡಿ ನೋವು. ನಾವು ಹೇಳುವ ಮೊದಲೇ ಗಮನಿಸಿ ಕುರ್ಚಿ ತಂದಿಟ್ಟಿರಿ. ಆಮೇಲೆ ಆ ಕುರ್ಚಿಯನ್ನು ನೀವೇ ಹೊತ್ತುಕೊಂಡು ನಮ್ಮ ಜೊತೆ ಎಲ್ಲ ಕಡೆ ಬಂದಿರಿ!

ಸುಮಾರು 3,200 ಕಿಲೋಮೀಟರ್ ದಾರಿ, ನಾಲ್ಕರಿಂದ ಆರು ತಿಂಗಳು. ಗಾಡಿ ತುಂಬ ಸಾಮಾನು, ಹಾಗಾಗಿ ಜಾಸ್ತಿ ಜನ ನಡೆದೇ ಹೋದರು ಅಂದಿರಿ. ನಾನು ಒಂದೊಂದನ್ನೂ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಬಯಲಲ್ಲಿ ಸೌದೆ ಸಿಗದೆ ಕಾಡೆಮ್ಮೆಯ ಒಣಗಿದ ಸಗಣಿ ಆರಿಸಿ ಒಲೆ ಉರಿಸುತ್ತಿದ್ದರು ಎಂದಾಗ ಅಮ್ಮ, "ಬೆರಣಿ ಅನ್ನೋ!" ಎಂದು ನಕ್ಕರು. ಬೆಳಗ್ಗೆ ಗಾಡಿಗೆ ನೇತುಹಾಕಿದ ಹಾಲಿನಲ್ಲಿ ಕುಲುಕಾಟಕ್ಕೇ ಸಂಜೆಗೆ ಬೆಣ್ಣೆ ಬರುತ್ತಿತ್ತು ಅನ್ನುವುದು ಮಾತ್ರ ಅವರಿಗೇ ಹೊಸದು.

ನೊಗದ ಹತ್ತಿರ ಪಾತ್ರ ಬದಲಾಯಿತು. ನಿಮ್ಮ ಕಡೆ ಎತ್ತಿನ ಕೊರಳಿಗೆ ಬಗ್ಗಿಸಿದ ಮರದ ಬಳೆ, ನಮ್ಮೂರಲ್ಲಿ ಹಗ್ಗ. ಅಮ್ಮ ಸೆರಗಿನ ತುದಿ ಹಿಡಿದು ಕಟ್ಟುವ ರೀತಿ ತೋರಿಸಿದರು. ನೀವು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಚಿತ್ರ ಬರೆದುಕೊಂಡಿರಿ.

ರೈಲಿನ ಭಾಗ ಓಡುತ್ತಲೇ ನೋಡಿದೆವು. 1869ರ ಮೇ 10ರಂದು ಯೂಟಾದ ಪ್ರೊಮೊಂಟರಿಯಲ್ಲಿ ಪೂರ್ವ, ಪಶ್ಚಿಮ ಎರಡೂ ಕಡೆಯಿಂದ ಬಂದ ಹಳಿ ಕೂಡಿದ ಮೇಲೆ ತಿಂಗಳುಗಳ ಪಯಣ ಒಂದು ವಾರಕ್ಕೆ ಇಳಿಯಿತು. ಬೆಟ್ಟ ಕೊರೆದ ಸಾವಿರಾರು ಚೀನೀ ಕೂಲಿಗಳನ್ನು, ನೆಲ ಕಳೆದುಕೊಂಡ ಮೂಲನಿವಾಸಿಗಳನ್ನು ನೀವು ಬಿಡದೆ ನೆನೆದಿರಿ.

ಅಮ್ಮ ಊರಿಗೆ ಮರಳಿದ್ದಾರೆ. ಯೆಲ್ಲೋಸ್ಟೋನ್ ಹೇಗಿತ್ತು ಅಂತ ಯಾರಾದರೂ ಕೇಳಿದರೆ ನಿಮ್ಮ ಕುರ್ಚಿಯಿಂದಲೇ ಶುರು ಮಾಡುತ್ತಾರಂತೆ. ತುಂಬಾ ಥ್ಯಾಂಕ್ಸ್, ಸರ್.